ನೀರೂ ನಿಶ್ಶಬ್ದವೂ

ರಾತ್ರಿ ಹತ್ತು ಗಂಟೆ ಕಳೆದ ಮೇಲೆ, ಬೀದಿಯ ವಾಹನಗಳ ಸದ್ದಡಗಿ, ಮನೆಯವರೆಲ್ಲ ಮಲಗಿ, ಎದುರುಮನೆಯ ನಾಯಿಯೂ ತನ್ನ ಕರ್ತವ್ಯವನ್ನು ಮುಗಿಸಿ ಸುಮ್ಮನಾದ ಹೊತ್ತಿನಲ್ಲಿ, ಹಳೆಯ ಕಛೇರಿಯೊಂದರ ಧ್ವನಿಮುದ್ರಣವನ್ನು ಕೇಳಲೆಂದು ಗಣಕಯಂತ್ರದ ಮುಂದೆ ಕುಳಿತವನಿಗೆ, ತಂಬೂರಿಯ ಶ್ರುತಿಗಿಂತ ಮೊದಲು ಕಿವಿಗೆ ಬೀಳುವುದು ಆ ಯಂತ್ರದ ಒಡಲಿನ ಫ್ಯಾನುಗಳ ಮೊರೆತವೇ ಆದರೆ, ಅವನ ಚಿತ್ತದಲ್ಲಿ ಏಳುವ ಅಸಹನೆ ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು.

ಈ ಅಸಹನೆಗೆ ಬಲ್ಲವರು ಸೂಚಿಸುವ ಮದ್ದು ಬಹುಮಟ್ಟಿಗೆ ಒಂದೇ. “ಮಾವ, ಲಿಕ್ವಿಡ್ ಕೂಲರ್ ಹಾಕಿಸಿಬಿಡಿ, ಸದ್ದೇ ಇರೋದಿಲ್ಲ” ಎಂದು ನನ್ನ ಸೋದರಳಿಯನು ನಾಲ್ಕು ವರ್ಷಗಳ ಹಿಂದೆ ಹೇಳಿದಾಗ, ಅವನ ಉತ್ಸಾಹವನ್ನು ಕಂಡೋ, ನೀರೆಂದೊಡನೆ ಮನಸ್ಸಿಗೆ ತಾನಾಗಿ ಒದಗುವ ತಂಪಿನ ಭಾವನೆಗೆ ಮರುಳಾಗಿಯೋ, ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಂಥದೊಂದನ್ನು ಕೊಂಡು ತಂದೆನು. ಆ ಖರೀದಿ ಸಾರ್ಥಕವಾಯಿತೆ ಎಂಬುದೇ ಈ ವಾರದ ವಿಚಾರ.

ನೀರಿನ ಗುಣ ಸಾಮಾನ್ಯವಾದುದಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅಷ್ಟೇ ತೂಕದ ಗಾಳಿಗೆ ಅದರ ಕಾಲುಭಾಗ ಸಾಕು. ತೂಕವನ್ನು ಬಿಟ್ಟು ಗಾತ್ರವನ್ನು ನೋಡಿದರಂತೂ ನೀರಿನ ಧಾರಣಶಕ್ತಿ ಗಾಳಿಯದಕ್ಕಿಂತ ಮೂರು ಸಾವಿರ ಪಟ್ಟಿಗೂ ಮಿಗಿಲು. ಆದುದರಿಂದಲೇ ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ತಮ್ಮ ಮಹಾಯಂತ್ರಗಳಿಗೆ ನೀರಿನ ನಾಳಗಳನ್ನು ಹಾಯಿಸಿದರು. 1985ರಲ್ಲಿ ಬಂದ ಕ್ರೇ-2 ಎಂಬ ಯಂತ್ರವಂತೂ ವಿದ್ಯುತ್ತನ್ನು ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಆಪಾದಮಸ್ತಕ ಮುಳುಗಿಯೇ ಕೆಲಸಮಾಡುತ್ತಿತ್ತು. ಆದರೆ ಅವರಾರೂ ನಿಶ್ಶಬ್ದವನ್ನು ಬಯಸಿ ಹಾಗೆ ಮಾಡಿದವರಲ್ಲ. ಇಕ್ಕಟ್ಟಾದ ಜಾಗದಲ್ಲಿ ಹುಟ್ಟುವ ಅಪಾರವಾದ ಶಾಖವನ್ನು ಹೊರಸಾಗಿಸುವುದಷ್ಟೇ ಅವರ ಉದ್ದೇಶವಾಗಿದ್ದಿತು. ಮನೆಯ ಮೇಜಿನ ಯಂತ್ರಕ್ಕೆ ಕಾರ್ಖಾನೆಯಲ್ಲಿಯೇ ದ್ರವವನ್ನು ತುಂಬಿಸಿ ಮಾರಿದವರಲ್ಲಿ ಆ್ಯಪಲ್ ಸಂಸ್ಥೆಯೂ ಒಂದು. 2004ರ ಅವರ ಪವರ್ ಮ್ಯಾಕ್ ಜಿ5 ಯಂತ್ರಗಳಲ್ಲಿ ಕೆಲವು, ವರ್ಷಗಳು ಕಳೆದಂತೆ ಒಳಗೊಳಗೇ ಸೋರಿ ಹಾಳಾದುದೂ ಉಂಟು.

ಇಲ್ಲಿ ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ನೀರು ಶಾಖವನ್ನು ನುಂಗುವುದಿಲ್ಲ, ಹೊತ್ತುಕೊಂಡು ಹೋಗುತ್ತದೆ. ಆಗುಂಬೆಯ ಘಾಟಿಯನ್ನು ಏರಿ ಬಂದ ಹಳೆಯ ಬಸ್ಸಿನ ಡ್ರೈವರು ಬಾನೆಟ್ಟನ್ನು ಎತ್ತಿ ರೇಡಿಯೇಟರಿಗೆ ನೀರನ್ನು ಹೊಯ್ಯುವುದನ್ನು ಕಂಡವರು, ಆ ರೇಡಿಯೇಟರಿನ ಹಿಂದೆಯೂ ಒಂದು ಫ್ಯಾನು ತಿರುಗುತ್ತಿದ್ದುದನ್ನು ಕಂಡೇ ಇರುತ್ತಾರೆ. ಗಣಕದಲ್ಲಿಯೂ ಹಾಗೆಯೇ: ಪ್ರೊಸೆಸರಿನ ನೆತ್ತಿಯ ಮೇಲೆ ಕುಳಿತ ತಾಮ್ರದ ಬಿಲ್ಲೆಯಿಂದ ಬಿಸಿಯಾಗಿ ಹೊರಟ ನೀರು, ಕೊಳವೆಗಳ ಮೂಲಕ ಕ್ಯಾಬಿನೆಟ್ಟಿನ ಗೋಡೆಗೋ ಮಾಡಿಗೋ ಬಿಗಿದ ರೇಡಿಯೇಟರನ್ನು ಸೇರಿ, ಅಲ್ಲಿ ಎರಡೋ ಮೂರೋ ಫ್ಯಾನುಗಳ ಗಾಳಿಗೆ ತನ್ನ ಭಾರವನ್ನು ಇಳುಹಿ ಮರಳುತ್ತದೆ. ಫ್ಯಾನು ಹೋಗಲಿಲ್ಲ, ಸ್ಥಾನವನ್ನು ಬದಲಿಸಿತು. ಅದರೊಡನೆ ಪಂಪೊಂದು ಹೊಸದಾಗಿ ಬಂದು ಸೇರಿತು.

ಇನ್ನೊಂದು ವಿನೋದವನ್ನು ಹೇಳದೆ ಮುಂದುವರಿಯಲಾರೆ. ಪ್ರೊಸೆಸರಿನ ಮೇಲೆ ಕೂರುವ, ಗಾಳಿಯ ಕೂಲರೆಂದು ನಾವು ಕರೆಯುವ ಲೋಹದ ಗೋಪುರದಲ್ಲಿಯೂ ನೀರುಂಟು. ಅದರ ಬುಡದಿಂದ ಮೇಲೇಳುವ ತಾಮ್ರದ ನಾಳಗಳು ಬರಿದೆ ಲೋಹದ ಸರಳುಗಳಲ್ಲ. ಒಳಗಣ ಗಾಳಿಯನ್ನು ಹೀರಿ ತೆಗೆದು, ತುಸುವೇ ನೀರನ್ನು ಇರಿಸಿ, ಎರಡು ತುದಿಗಳನ್ನೂ ಮುಚ್ಚಿದ ಕೊಳವೆಗಳು ಅವು. ಒತ್ತಡ ಕಡಮೆಯಾದುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆಯೇ ಆವಿಯಾಗಿ ಮೇಲಕ್ಕೇರಿ, ತಂಪಾದ ತುದಿಯಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ತಾಗಿದ ಹಬೆಯಂತೆ, ಹನಿಯಾಗಿ ಮತ್ತೆ ಕೆಳಗೆ ಬರುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಸವೆಯುವ ಭಾಗವೇ ಇಲ್ಲ. ಗಾಳಿಯೋ ನೀರೋ ಎಂದು ವಾದಿಸುವವರು ವಾಸ್ತವವಾಗಿ ಪಂಪುಳ್ಳ ನೀರಿಗೂ ಪಂಪಿಲ್ಲದ ನೀರಿಗೂ ನಡುವೆ ತೀರ್ಮಾನವನ್ನು ಕೇಳುತ್ತಿದ್ದಾರೆ.

ಹಾಗಾದರೆ ಸದ್ದಿನ ಮೂಲವೆಲ್ಲಿ? ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ; ಸದ್ದಾದರೋ ಸುಮಾರು 15 ಡೆಸಿಬಲ್ ಕುಸಿಯುತ್ತದೆ. ಅದೇ ಬಗೆಯ ಇನ್ನೊಂದು ಫ್ಯಾನನ್ನು ಪಕ್ಕದಲ್ಲಿ ಇರಿಸಿದರೆ ಕಳೆದುಕೊಂಡ ಗಾಳಿ ಮರಳಿ ಬರುವುದು, ಸದ್ದು ಏರುವುದು ಮೂರೇ ಡೆಸಿಬಲ್. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುವುದೆಂಬುದನ್ನು ನೆನೆದರೆ, ಮೌನದ ಕೀಲಿಯಿರುವುದು ನೀರಿನಲ್ಲಲ್ಲ, ವಿಶಾಲವಾದ ಲೋಹದ ಹರವಿನಲ್ಲಿ ಮತ್ತು ದೊಡ್ಡದಾಗಿ ಮೆಲ್ಲನೆ ತಿರುಗುವ ಫ್ಯಾನುಗಳಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಮೂರು ಫ್ಯಾನುಗಳ 360 ಮಿಲಿಮೀಟರ್ ರೇಡಿಯೇಟರ್ ಇಂಥ ಹರವನ್ನು ಕೊಡುತ್ತದೆ, ನಿಜ. ಆದರೆ ಆಸ್ಟ್ರಿಯದ ನಾಕ್ಟುವಾ ಸಂಸ್ಥೆಯವರು 2014ರಲ್ಲಿ ಹೊರತಂದ ಎನ್‌ಎಚ್-ಡಿ15 ಎಂಬ ಗೋಪುರವೂ ಕೊಡುತ್ತದೆ. ಫ್ಯಾನುಗಳೂ ಸೇರಿ 1,320 ಗ್ರಾಂ ತೂಗುವ, 165 ಮಿಲಿಮೀಟರ್ ಎತ್ತರದ ಆ ಭೀಮಕಾಯವು ಕ್ಯಾಬಿನೆಟ್ಟಿನೊಳಗೆ ಹಿಡಿಸುವುದೋ ಇಲ್ಲವೋ ಎಂಬುದನ್ನು ಮಾತ್ರ ಅಳೆದು ನೋಡಿಯೇ ಕೊಳ್ಳಬೇಕು.

ನನ್ನ ನೀರಿನ ಯಂತ್ರದ ಕಥೆಗೆ ಬರುತ್ತೇನೆ. ಮೊದಲ ವಾರದಲ್ಲಿ ಅದು ಗುಳುಗುಳು ಎಂದಿತು. ರೇಡಿಯೇಟರನ್ನು ಪಂಪಿಗಿಂತ ಕೆಳಗೆ ಬಿಗಿದಿದ್ದುದರಿಂದ ಒಳಗಿನ ಗಾಳಿಗುಳ್ಳೆಗಳು ಮೇಲಿದ್ದ ಪಂಪಿನಲ್ಲಿ ಹೋಗಿ ನೆಲಸಿದ್ದವು. ಅಂಗಡಿಯವರು ಮಾಡಿದ ತಪ್ಪು ಅದು. ರೇಡಿಯೇಟರನ್ನು ಮಾಡಿಗೆ ಏರಿಸಿದ ಮೇಲೆ ಸರಿಹೋಯಿತು. ಸರಿಹೋಗದೆ ಉಳಿದುದು ಪಂಪಿನ ಝೇಂಕಾರ. ಅಳತೆಯಲ್ಲಿ ಅದು ಫ್ಯಾನುಗಳ ಸದ್ದಿಗಿಂತ ಸಣ್ಣದೇ ಇದ್ದೀತು; ಆದರೆ ಗಾಳಿಯ ಸದ್ದಿಗೆ ಸ್ವರವಿಲ್ಲ, ಅದು ದೂರದ ಮಳೆಯಂತೆ, ಕಿವಿ ಅದನ್ನು ಸ್ವಲ್ಪ ಹೊತ್ತಿನಲ್ಲಿಯೇ ಮರೆತುಬಿಡುತ್ತದೆ. ಪಂಪಿಗಾದರೋ ಒಂದು ನಿಶ್ಚಿತವಾದ ಸ್ವರವುಂಟು. ಷಡ್ಜಕ್ಕೂ ಸೇರದೆ ಪಂಚಮಕ್ಕೂ ಒಲ್ಲದೆ ಕಛೇರಿಯುದ್ದಕ್ಕೂ ನುಡಿಯುವ ಆ ಅಪಸ್ವರವನ್ನು, ಸಂಗೀತಕ್ಕೆ ತುಸುವಾದರೂ ತೆರೆದ ಕಿವಿ ಎಂದಿಗೂ ಕ್ಷಮಿಸಲಾರದು. ಪಂಪಿನ ವೇಗವನ್ನು ತಗ್ಗಿಸಿ ನೋಡಿದೆನು. ಸ್ವರ ಇಳಿಯಿತು, ಶ್ರುತಿ ಕೂಡಲಿಲ್ಲ.

ಆದರೂ ನೀರಿನ ಪಕ್ಷದಲ್ಲಿ ನ್ಯಾಯವಾಗಿ ಹೇಳಬೇಕಾದುದೂ ಇದೆ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಬಲ್ಲವರಿಗೆ ಇದು ಬೇಗ ತಿಳಿದೀತು: ಕಾಯಲು ತಡ, ಆರಲೂ ತಡ. 300 ಗ್ರಾಂ ನೀರಿಗೆ 100 ವಾಟ್‌ನಷ್ಟು ಹೆಚ್ಚಿನ ಶಾಖವನ್ನು ಊಡಿದರೆ ಅದು ಒಂದು ಡಿಗ್ರಿ ಏರಲು ಹನ್ನೆರಡು ಸೆಕೆಂಡುಗಳಿಗೂ ಮಿಕ್ಕಿ ಹಿಡಿಯುತ್ತದೆ. ಆದುದರಿಂದ, ಪುಟವೊಂದನ್ನು ತೆರೆದಾಗಲೆಲ್ಲ ಒಮ್ಮೆಲೆ ಭುಸುಗುಟ್ಟಿ ಮರುಕ್ಷಣವೇ ತಣ್ಣಗಾಗುವ ಫ್ಯಾನಿನ ಚಾಂಚಲ್ಯ, ನೀರಿನ ಉಷ್ಣತೆಯನ್ನು ನೋಡಿ ಫ್ಯಾನುಗಳನ್ನು ನಡೆಸಿದಾಗ ಇರುವುದಿಲ್ಲ. ಏರಿಳಿಯುವ ಸದ್ದು ಒಂದೇ ಸಮನಾದ ಸದ್ದಿಗಿಂತ ಹೆಚ್ಚು ಪೀಡಿಸುವುದರಿಂದ ಇದು ಸಣ್ಣ ಲಾಭವಲ್ಲ. ಅಲ್ಲದೆ ಮುನ್ನೂರು ವಾಟ್ ಉಣ್ಣುವ ಗ್ರಾಫಿಕ್ಸ್ ಕಾರ್ಡನ್ನೂ ಪ್ರೊಸೆಸರನ್ನೂ ಒಂದೇ ನೀರಿನ ಮಂಡಲಕ್ಕೆ ಸೇರಿಸಿ, ಎರಡು ದೊಡ್ಡ ರೇಡಿಯೇಟರುಗಳನ್ನು ಕೊಟ್ಟರೆ, ಗಂಟೆಗಟ್ಟಲೆ ಆಡುವವರಿಗೂ ಚಲನಚಿತ್ರವನ್ನು ಸಂಕಲಿಸುವವರಿಗೂ ಒದಗುವ ಶಾಂತಿ ಗಾಳಿಯ ಕೂಲರುಗಳಿಂದ ಸುಲಭಸಾಧ್ಯವಲ್ಲ. ಹಣವೂ ಶ್ರಮವೂ ಅದಕ್ಕೆ ತಕ್ಕಷ್ಟು ಬೇಕು. ತಾಮ್ರವನ್ನೂ ಅಲ್ಯುಮಿನಿಯಮ್ಮನ್ನೂ ಒಂದೇ ನೀರಿಗೆ ಒಡ್ಡಿದರೆ ಲೋಹ ಕೊರೆಯುತ್ತದೆಂಬ ಎಚ್ಚರವೂ ಬೇಕು.

ನಮ್ಮ ಹವೆಯನ್ನೂ ಗಣನೆಗೆ ತಂದುಕೊಳ್ಳತಕ್ಕದ್ದು. ಕೋಣೆಯ ಗಾಳಿಗಿಂತ ತಂಪಾಗಲು ಈ ನೀರಿಗೆ ಸಾಧ್ಯವಿಲ್ಲವಾದುದರಿಂದ, ಮೇ ತಿಂಗಳಿನ ಕಲಬುರಗಿಯಲ್ಲಿ ಕೋಣೆಯೇ ನಲವತ್ತು ಡಿಗ್ರಿಯಾದರೆ ನೀರೂ ಅಲ್ಲಿಂದಲೇ ತನ್ನ ಲೆಕ್ಕವನ್ನು ಆರಂಭಿಸುತ್ತದೆ. ಅಂಥ ಮನೆಯಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನು ಐದರ ವೇಗದಲ್ಲಿ ತಿರುಗುತ್ತಿರುವಾಗ, ಕೆಳಗಿನ ಗಣಕ ಎಷ್ಟು ಮೌನಿಯಾದರೇನು, ಕೇಳುವವರಾರು?

ಹಣವನ್ನು ತೆರುವ ಮೊದಲು ಅಪರಾಧಿಯನ್ನು ಗುರುತಿಸುವುದು ಮೇಲು. ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದು, ಒಂದೊಂದು ಫ್ಯಾನಿನ ನಡುಭಾಗಕ್ಕೆ, ರೆಕ್ಕೆಗಲ್ಲ, ಬೆರಳನ್ನು ಮೆತ್ತಗೆ ಒತ್ತಿ ಕೆಲವು ಕ್ಷಣ ನಿಲ್ಲಿಸಿ ಕಿವಿಗೊಟ್ಟರೆ ಯಾವುದರ ಸದ್ದು ಎಷ್ಟೆಂಬುದು ಗೊತ್ತಾಗುತ್ತದೆ. ನನ್ನಲ್ಲಿ ಸಿಕ್ಕಿಬಿದ್ದವು ಎರಡು: ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್‌ನ ಹಳೆಯ ಫ್ಯಾನು, ಮತ್ತು ಹಾಡುಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕು. ಎರಡಕ್ಕೂ ನೀರಿನ ಸೋಂಕೇ ಇರಲಿಲ್ಲ! ಡಿಸ್ಕಿನ ಸ್ಥಾನಕ್ಕೆ ಎಸ್‌ಎಸ್‌ಡಿ ಬಂದಿತು, ಎಸ್‌ಎಂಪಿಎಸ್ ಬದಲಾಯಿತು, ಪ್ರೊಸೆಸರ್ ಉಣ್ಣುವ ವಿದ್ಯುತ್ತಿಗೆ ಬಯಾಸಿನಲ್ಲಿ 65 ವಾಟ್‌ನ ಮಿತಿಯನ್ನು ಹಾಕಿದೆನು, ವರ್ಷಗಳಿಂದ ಕೂತಿದ್ದ ಧೂಳನ್ನು ಕೊಡಹಿದೆನು.

ಸಂಗೀತ ಕೇಳುವವನಿಗೆ, ಬರೆಯುವವನಿಗೆ, ಲೆಕ್ಕಪತ್ರ ನೋಡುವವನಿಗೆ ಮೌನದ ಸಲುವಾಗಿ ನೀರಿನ ಕೂಲರು ಬೇಡವೆಂಬುದು ನನ್ನ ತೀರ್ಪು. ನನ್ನದನ್ನು ಕಳಚಿ ಸೋದರಳಿಯನಿಗೇ ಕೊಟ್ಟುಬಿಟ್ಟೆನು. ಅವನು ಆಡುವಾಗ ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಪಂಪಿನ ಶ್ರುತಿಯ ಬಗೆಗೆ ಅವನಿಗೆ ಆಕ್ಷೇಪಣೆಯಿಲ್ಲ.