ಊರು ಬರೆಯದೇ ಬಿಟ್ಟ ಸುದ್ದಿ

ಪರದೇಶಕ್ಕೆ ಓದಲು ಹೋದವರ ಕಥೆ ಅಂದರೆ ನಮ್ಮ ಬರಹಗಾರರ ಹತ್ತಿರ ಒಂದು ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಮೂಳೆ ಕೊರೆಯುವ ಚಳಿ, ಚಾಕು-ಫೋರ್ಕಿನ ಫಜೀತಿ, ಅನ್ನ-ಸಾರು ಸಿಗದ ಪಾಡು, ನಮ್ಮ ಇಂಗ್ಲಿಷು ಅವರಿಗೆ ತಿಳಿಯದ್ದು, ಅವರದು ನಮಗೆ ತಿಳಿಯದ್ದು. ಓದಲು ಚೆನ್ನಾಗಿರುತ್ತದೆ, ನಗುವೂ ಬರುತ್ತದೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಏನೋ ಬಾಕಿ ಉಳಿದ ಹಾಗೆ ಅನ್ನಿಸುತ್ತದೆ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಲೆಕ್ಕ ಟ್ಯಾಲಿ ಆಗುವುದಿಲ್ಲ.

ಪ್ರವಾಸಿಯ ಬರವಣಿಗೆಯಲ್ಲಿ ಈ ಕೊರತೆ ಕಾಣುವುದಿಲ್ಲ. ಗೊರೂರರ ‘ಅಮೇರಿಕಾದಲ್ಲಿ ಗೊರೂರು’ ಎಷ್ಟು ಸೊಗಸಾದ ಪುಸ್ತಕ! 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ನೋಡಲು ಹೋದವನ ಕಣ್ಣು ಬೇರೆ, ಓದಲು ಹೋದವನ ಕಣ್ಣು ಬೇರೆ. ನೋಡಲು ಹೋದವನು ತನ್ನ ಊರನ್ನು ಹೇಗೆ ಬಿಟ್ಟುಹೋಗಿದ್ದನೋ ಬಹುಮಟ್ಟಿಗೆ ಹಾಗೇ ಇರುವಾಗ ವಾಪಸಾಗುತ್ತಾನೆ. ವಿದ್ಯಾರ್ಥಿ ಮೂರು ವರ್ಷ, ನಾಲ್ಕು ವರ್ಷ ಅಲ್ಲೇ ಇರಬೇಕು. ಅಷ್ಟರಲ್ಲಿ ಇಲ್ಲಿ ಮನೆ ಬದಲಾಗಿರುತ್ತದೆ. ಆ ಬದಲಾವಣೆಯನ್ನು ಲೆಕ್ಕಕ್ಕೆ ತಂದ ಎರಡು ಬರಹಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಒಂದು, ಗಾಂಧೀಜಿಯ ಆತ್ಮಕಥೆಯಲ್ಲಿನ ಲಂಡನ್ ಅಧ್ಯಾಯಗಳು. ಇನ್ನೊಂದು, ಎ.ಕೆ. ರಾಮಾನುಜನ್ ಕನ್ನಡದಲ್ಲೇ ಬರೆದ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಕಥೆ. ಒಂದು ನಡೆದದ್ದು, ಇನ್ನೊಂದು ಕಲ್ಪಿಸಿದ್ದು. ಎರಡೂ ಬಂದು ನಿಲ್ಲುವುದು ಮಾತ್ರ ಒಂದೇ ಬಾಗಿಲಲ್ಲಿ.

ಮೊದಲು ಗಾಂಧೀಜಿ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ 19 ತುಂಬಿರಲಿಲ್ಲ. ಜಾತಿಯವರು ಬಹಿಷ್ಕಾರ ಹಾಕಿದ್ದರು. ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲ ಅಂತ ತಾಯಿಯ ಮುಂದೆ ಆಣೆ ಮಾಡಿದ ಮೇಲೇ ಹೊರಡಲು ಅಪ್ಪಣೆ ಸಿಕ್ಕಿದ್ದು. ಮುಂದಿನ ಅಧ್ಯಾಯಗಳಲ್ಲಿ ನಾನು ಮೇಲೆ ಹೇಳಿದ ಪಟ್ಟಿಯೆಲ್ಲ ಇದೆ. ಸೆಪ್ಟೆಂಬರ್ ಕೊನೆಯಲ್ಲಿ ಬಿಳಿ ಫ್ಲಾನೆಲ್ ತೊಟ್ಟು ಇಳಿದವರು ತಾವೊಬ್ಬರೇ ಎಂದು ನಾಚಿಕೊಂಡದ್ದು, ಊಟಕ್ಕೆ ಕೂತಾಗ ಇನ್ನೊಂದು ಚೂರು ಬ್ರೆಡ್ಡು ಕೇಳಲು ಸಂಕೋಚಪಟ್ಟದ್ದು, ಫಾರಿಂಗ್ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರಿ ಹೋಟೆಲು ಸಿಕ್ಕಾಗ ಮಗುವಿನಂತೆ ಹಿಗ್ಗಿದ್ದು.

ಆದರೆ ನನ್ನಂಥವನಿಗೆ ರುಚಿಸುವುದು ಅವರು ಕೊಡುವ ಖರ್ಚಿನ ಬಾಬ್ತು. ಬಾಂಡ್ ಸ್ಟ್ರೀಟಿನಲ್ಲಿ ಹೊಲಿಸಿದ ಸೂಟಿಗೆ 10 ಪೌಂಡು, ಟೋಪಿಗೆ 19 ಷಿಲಿಂಗು, ನೃತ್ಯದ ಕ್ಲಾಸಿಗೆ 3 ಪೌಂಡು, ಪಿಟೀಲಿಗೆ ಮತ್ತೆ 3 ಪೌಂಡು. ಸುಮಾರು ಮೂರು ತಿಂಗಳಲ್ಲಿ ಈ ಜಂಟಲ್‌ಮನ್ ಹುಚ್ಚು ಇಳಿಯಿತು. ಕೊನೆಗೆ ಒಂದೇ ಕೋಣೆ, ಒಂದು ಸ್ಟೋವ್, ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು-ಕೋಕೋ. ದಿನದ ಖರ್ಚು 1 ಷಿಲಿಂಗ್ 3 ಪೆನ್ಸ್. ಬಸ್ಸಿನ ಕಾಸು, ಅಂಚೆಯ ಕಾಸು ಎಲ್ಲ ಬರೆದಿಟ್ಟು ಮಲಗುವ ಮುಂಚೆ ಬ್ಯಾಲೆನ್ಸ್ ತೆಗೆಯುತ್ತಿದ್ದರಂತೆ! ಮುಂಬಯಿಯ ಚಾಳಿನಲ್ಲಿ ಒಂದು ಖೋಲಿಗೆ ನಾಲ್ಕು ಜನ ಸೇರಿ ಸ್ಟೋವ್ ಹಚ್ಚಿದ ನಮ್ಮ ಪೀಳಿಗೆಗೆ ಈ ಅಧ್ಯಾಯ ಬೇರೆ ದೇಶದ್ದು ಅನ್ನಿಸುವುದೇ ಇಲ್ಲ.

ಇನ್ನು ಮುಖ್ಯ ವಿಷಯ. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 12ಕ್ಕೆ ಹಡಗು ಹತ್ತಿದರು. ತಾಯಿಯನ್ನು ನೋಡುವ ತವಕ. ಮುಂಬಯಿಗೆ ಬಂದ ಮೇಲೆ ಅಣ್ಣ ಹೇಳಿದ್ದು, ತಾಯಿ ಇಲ್ಲ ಅಂತ. ಮಗ ಇಂಗ್ಲೆಂಡಿನಲ್ಲಿ ಇರುವಾಗಲೇ ಹೋಗಿಬಿಟ್ಟಿದ್ದರು. ಪರದೇಶದಲ್ಲಿ ಒಬ್ಬನೇ ಇರುವವನಿಗೆ ಈ ಪೆಟ್ಟು ಬೇಡ ಅಂತ ಮನೆಯವರು ಸುದ್ದಿ ಮುಚ್ಚಿಟ್ಟಿದ್ದರು. ಅಂದರೆ ಯಾವ ತಾಯಿಗೆ ಕೊಟ್ಟ ಮಾತನ್ನು ಲಂಡನ್ನಿನಲ್ಲಿ ಹಲ್ಲು ಕಚ್ಚಿ ಕಾಪಾಡಿಕೊಂಡರೋ ಆ ತಾಯಿ ಇಲ್ಲದ ಒಂದಷ್ಟು ಕಾಲವನ್ನು, ಇದ್ದಾಳೆ ಎಂದುಕೊಂಡೇ ಕಳೆದರು. ಗಾಂಧೀಜಿ ಇದಕ್ಕೆ ಕೊಡುವುದು ಕೆಲವೇ ಸಾಲು. ದುಃಖ ಹೊರಗೆ ತೋರಿಸಲಿಲ್ಲ, ಕಣ್ಣೀರನ್ನೂ ತಡೆದೆ, ಏನೂ ಆಗದವನಂತೆ ಬದುಕಿಗೆ ಮರಳಿದೆ ಎಂಬ ಅರ್ಥದ ಮಾತು ಹೇಳಿ ಮುಂದೆ ಹೋಗುತ್ತಾರೆ. ಟೋಪಿಯ ಷಿಲಿಂಗು ನೆನಪಿಟ್ಟವರು ಇಲ್ಲಿ ಇಷ್ಟು ಬಿಗಿಹಿಡಿದದ್ದನ್ನು ನಾನು ಕೊರತೆ ಎಂದೇ ಎಣಿಸುತ್ತೇನೆ. ಅಣ್ಣನ ಮೇಲೆ ಸಿಟ್ಟು ಬರಲಿಲ್ಲವೇ? ಸುದ್ದಿ ಮುಚ್ಚಿಟ್ಟದ್ದು ಸರಿಯೇ? ಸತ್ಯದ ಪ್ರಯೋಗದ ಪುಸ್ತಕದಲ್ಲಿ ಈ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವರು ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕದ ಇಂಡಿಯಾನಾಕ್ಕೆ ವಿದ್ಯಾರ್ಥಿಯಾಗಿ ಹೋಗಿ, ಆಮೇಲೆ ಚಿಕಾಗೋದಲ್ಲಿ ಮೇಷ್ಟರಾಗಿ, 1993ರಲ್ಲಿ ಅಲ್ಲೇ ತೀರಿಕೊಂಡವರು ಅವರು. ಅವರ ಅಣ್ಣಯ್ಯ ಮೈಸೂರು ಕಡೆಯ ಬ್ರಾಹ್ಮಣರ ಹುಡುಗ, ಚಿಕಾಗೋದಲ್ಲಿ ಓದುತ್ತಿರುತ್ತಾನೆ. ಊರಲ್ಲಿದ್ದಾಗ ಮಡಿ-ಮೈಲಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳದವನಿಗೆ ಅಲ್ಲಿ ಹೋದ ಮೇಲೆ ಅದರ ಗೀಳು ಹಿಡಿಯುತ್ತದೆ. ಲೈಬ್ರರಿಯಲ್ಲಿ ಕೂತು ಹಿಂದೂ ಆಚರಣೆಗಳ ಪುಸ್ತಕ ಓದುತ್ತಾನೆ. ಒಂದು ದಿನ ಅಮೆರಿಕದ ವಿದ್ವಾಂಸನೊಬ್ಬನ ಪುಸ್ತಕ ಸಿಗುತ್ತದೆ. ಫೋಟೋಗಳಿಗೆ ನೆರವಾದ ಹುಣಸೂರಿನ ಸುಂದರರಾಯ ತನ್ನ ನೆಂಟನೇ ಅಂತ ಗೊತ್ತಾಗಿ ಖುಷಿಪಡುತ್ತಾನೆ. ಪುಟ ತಿರುಗಿಸುತ್ತಾ ಹೋದರೆ ತನ್ನ ಮನೆ, ತನ್ನ ತಂದೆಯ ಶವಸಂಸ್ಕಾರ, ಕೊನೆಗೆ ತಲೆ ಬೋಳಿಸಿದ ತಾಯಿ. ಅಪ್ಪ ಸತ್ತ ಸುದ್ದಿಯನ್ನು ಊರಿನಿಂದ ಯಾರೂ ಬರೆದಿರಲಿಲ್ಲ.

ಇದು ಕಾಕತಾಳೀಯ, ಲೆಕ್ಕ ಹಾಕಿ ಕಟ್ಟಿದ ಕಥೆ ಅನ್ನುವವರಿದ್ದಾರೆ. ಲೋಕದಲ್ಲಿರುವ ಅಷ್ಟು ಪುಸ್ತಕಗಳಲ್ಲಿ ಅದೇ ಪುಸ್ತಕ ಅವನ ಕೈಗೇ ಬರಬೇಕೆ ಅನ್ನುವುದು ಅವರ ಆಕ್ಷೇಪ. ನನಗೆ ಅದು ದೋಷವಾಗಿ ಕಂಡಿಲ್ಲ. ಪುಸ್ತಕ ಸಿಕ್ಕದ್ದು ಆಕಸ್ಮಿಕ ಇರಬಹುದು, ಸುದ್ದಿ ಮುಚ್ಚಿಟ್ಟದ್ದು ಆಕಸ್ಮಿಕವಲ್ಲ. ಅದು ನಮ್ಮ ಮನೆಗಳ ಹಳೆಯ ಅಭ್ಯಾಸ. ಸತ್ತ ಮೇಲೂ ‘ತಾಯಿ ಸೀರಿಯಸ್, ಕೂಡಲೇ ಹೊರಡು’ ಅಂತ ತಂತಿ ಕಳಿಸುತ್ತಿದ್ದ ಜನ ನಾವು. ಮುಂಬಯಿ, ಪುಣೆಯಲ್ಲಿ ಇದ್ದವರಿಗೆಲ್ಲ ಆ ‘ಸೀರಿಯಸ್’ ಪದದ ಅರ್ಥ ಗೊತ್ತು. ಕಥೆಯಲ್ಲಿ ನನಗೆ ಕೊರತೆ ಅನ್ನಿಸುವುದು ಬೇರೆ: ಆ ತಾಯಿಗೆ ಮಾತಿಲ್ಲ. ಫೋಟೋ ತೆಗೆಯಲು ಅವಳನ್ನು ಕೇಳಿದರೋ, ಮಗನಿಗೆ ಬರೆಯಿರಿ ಅಂತ ಅವಳು ಹೇಳಿದಳೋ, ಒಂದೂ ತಿಳಿಯುವುದಿಲ್ಲ.

ತಂತಿ 2013ರ ಜುಲೈನಲ್ಲಿ ನಿಂತುಹೋಯಿತು. ಈಗ ವಿಡಿಯೋ ಕಾಲ್ ಇದೆ, ಮುಚ್ಚಿಡುವುದು ಹೇಗೆ ಸಾಧ್ಯ ಅಂತ ಕೇಳಬಹುದು. ಸಾಧ್ಯವಿದೆ. 2001ರಲ್ಲಿ ಬ್ಯಾಂಕುಗಳ ಒಕ್ಕೂಟ ಶಿಕ್ಷಣ ಸಾಲದ ಮಾದರಿ ಯೋಜನೆ ತಂದಾಗ ಪರದೇಶದ ಓದಿಗೆ 15 ಲಕ್ಷದವರೆಗೆ ಕೊಡಬಹುದು ಅಂತಾಯಿತು. ದೊಡ್ಡ ಮೊತ್ತಕ್ಕೆ ಮನೆಯನ್ನೋ ಜಮೀನನ್ನೋ ಅಡವಿಡಬೇಕು. ಕೌಂಟರಿನ ಈಚೆ ಕೂತು ನೋಡಿದ್ದೇನೆ. ‘ಸಾರ್, ಬಡ್ಡಿ ಬಾಕಿ ಆಗಿದೆ ಅಂತ ಹುಡುಗನಿಗೆ ಮಾತ್ರ ಕಾಗದ ಹಾಕ್ಬೇಡಿ, ಪರೀಕ್ಷೆ ಇದೆ’ ಅನ್ನುವ ಅಪ್ಪ. ಸಾಲಗಾರ ಹುಡುಗನೇ, ಸಹಿ ಅವನದೇ. ಸುದ್ದಿ ಮಾತ್ರ ಅವನಿಗೆ ಬೇಡ. ಆ ಕಡೆಯಿಂದ ಹುಡುಗನೂ ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆಯುವುದನ್ನು ಹೇಳಿರುವುದಿಲ್ಲ. ಎರಡು ಕಡೆಯೂ ಪ್ರೀತಿಯಿಂದಲೇ ತಪ್ಪು ಲೆಕ್ಕ ಬರೆಯುತ್ತಾರೆ.

ಚಳಿ, ಊಟ, ಭಾಷೆ ಇವಕ್ಕೆಲ್ಲ ಹುಡುಗರು ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ತನ್ನ ಮನೆಯ ಸುದ್ದಿ ತನಗೇ ಕೊನೆಗೆ ತಿಳಿಯಿತು ಅನ್ನುವುದಕ್ಕೆ ಹೊಂದಿಕೊಳ್ಳುವುದು ಕಷ್ಟ, ಯಾಕೆಂದರೆ ಅಂದಿನಿಂದ ಅವನು ಆ ಮನೆಯಲ್ಲಿ ಅತಿಥಿ. ಈ ಎರಡು ಬರಹಗಳು ನನಗೆ ದೊಡ್ಡವು ಅನ್ನಿಸುವುದು ಇದಕ್ಕೇ. ಪರದೇಶದಲ್ಲಿ ಆಗುವ ಆಘಾತವೆಂದು ನಾವು ಹೆಸರಿಟ್ಟದ್ದು ನಿಜವಾಗಿ ಹೊರಡುವುದು ಊರಿನ ಜಗಲಿಯಿಂದ ಅಂತ ಇವು ತೋರಿಸುತ್ತವೆ. ಊರಲ್ಲೇ ಇರುವ ಓದುಗರಿಗೆ ಹೇಳುವುದು ಇಷ್ಟೇ: ಹುಡುಗರಿಗೆ ಚಟ್ನಿಪುಡಿ ಕಟ್ಟಿ ಕಳಿಸಿ, ಜೊತೆಗೆ ಸುದ್ದಿಯನ್ನೂ ಕಳಿಸಿ. ಕೆಟ್ಟ ಸುದ್ದಿಯನ್ನು ಮೊದಲು.