ನಾಗಚಂದ್ರನ ರಾವಣ: ದಂಡನೆಯೋ ಉದ್ಧಾರವೋ?

ಅಭಿನವಪಂಪನೆಂದು ಹೆಸರಾಂತ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ವಿದ್ವಾಂಸರ ಚರ್ಚೆಗೆ ಹೆಚ್ಚಾಗಿ ಒಳಗಾದ ಪಾತ್ರ ರಾಮನದಲ್ಲ, ರಾವಣನದು. ೧೮೮೨ರಲ್ಲಿ ಈ ಗ್ರಂಥ ಓಲೆಗರಿಗಳಿಂದ ಅಚ್ಚಿಗೆ ಬಂದ ಮೇಲೆ, ಅದರಲ್ಲಿಯೂ ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನನ್ನು ದುರಂತನಾಯಕನೆಂದು ಗುರುತಿಸಿದ ಬಳಿಕ, ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. ಸೀತೆಯ ದುಃಖವನ್ನು ಕಂಡು ಮನಸ್ಸು ಕರಗಿದವನನ್ನು, ತನ್ನ ತಪ್ಪನ್ನು ತಾನೇ ಒಪ್ಪಿಕೊಂಡವನನ್ನು, ಕವಿ ಏಕೆ ಕೊಲ್ಲಿಸಿದನು? ಪಶ್ಚಾತ್ತಾಪಪಟ್ಟವನಿಗೆ ನರಕವೇ? ಪ್ರಶ್ನೆ ನ್ಯಾಯವಾದುದೇ. ಆದರೆ ಇದನ್ನು ಕೇಳುವವರು ಬಹುಮಟ್ಟಿಗೆ ಕಥೆಯನ್ನು ರಣಭೂಮಿಯಲ್ಲಿಯೇ ನಿಲ್ಲಿಸಿಬಿಡುತ್ತಾರೆ; ನಾಗಚಂದ್ರನು ಅನುಸರಿಸಿದ ಪುರಾಣಪರಂಪರೆ ಅಲ್ಲಿ ನಿಲ್ಲುವುದಿಲ್ಲ.

ಮೊದಲು ಅಪರಾಧದ ಸ್ವರೂಪವನ್ನು ನೋಡಬೇಕು. ಸುಮಾರು ಕ್ರಿ.ಶ. ೧೧೦೦ರ ನಾಗಚಂದ್ರನು ಚಾವುಂಡರಾಯನಂತೆ ಗುಣಭದ್ರನ ದಾರಿಯನ್ನು ಹಿಡಿಯದೆ, ವಿಮಲಸೂರಿ ಮತ್ತು ರವಿಷೇಣರ ದಾರಿಯನ್ನು ಹಿಡಿದವನು. ಈ ಪರಂಪರೆಯ ರಾವಣನು ಹತ್ತು ತಲೆಯ ರಾಕ್ಷಸನಲ್ಲ, ವಿದ್ಯಾಧರ ಚಕ್ರವರ್ತಿ, ಜಿನಭಕ್ತ. ದಿಗ್ವಿಜಯದಲ್ಲಿ ನಳಕೂಬರನ ಮಡದಿ ಉಪರಂಭೆ ತಾನಾಗಿ ಒಲಿದು ಬಂದಾಗ ಅವಳನ್ನು ತಿರಸ್ಕರಿಸಿ, ಬುದ್ಧಿ ಹೇಳಿ ಗಂಡನ ಬಳಿಗೆ ಕಳುಹಿಸಿದವನು. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ಕೇವಲಿಯ ಸನ್ನಿಧಿಯಲ್ಲಿ ವ್ರತ ಹಿಡಿದವನು. ಇಂಥವನೇ ಅವಲೋಕಿನೀ ವಿದ್ಯೆಯ ನೆರವಿನಿಂದ ಕಪಟ ಸಿಂಹನಾದವನ್ನು ಮಾಡಿಸಿ ಸೀತೆಯನ್ನು ಕದ್ದೊಯ್ದನು. ಅಡ್ಡಬಂದ ಜಟಾಯುವನ್ನು ಹೊಡೆದು ಕೆಡವಿದನು. ರತ್ನಜಟಿಯ ವಿದ್ಯೆಗಳನ್ನು ಅಪಹರಿಸಿದನು. ಹಿತ ನುಡಿದ ವಿಭೀಷಣನನ್ನು ಹೊರದೂಡಿದನು. ವ್ರತವನ್ನಂತೂ ಅವನು ಕೊನೆಯವರೆಗೆ ಅಕ್ಷರಶಃ ಪಾಲಿಸಿದನು. ಆದರೆ ಒಲ್ಲದವಳನ್ನು ಮುಟ್ಟದಿರುವುದೂ ಒಲ್ಲದವಳನ್ನು ಸೆರೆಯಲ್ಲಿಡದಿರುವುದೂ ಒಂದೇ ಅಲ್ಲ. ವ್ರತದ ಅಕ್ಷರ ಉಳಿದು ಅದರ ಜೀವ ಹೋಗಿತ್ತು. ರಾವಣನ ಔನ್ನತ್ಯವನ್ನು ಕೊಂಡಾಡುವ ಲೇಖನಗಳಲ್ಲಿ ಈ ಭೇದ ಸಾಕಷ್ಟು ಕಾಣಿಸಿಕೊಳ್ಳದಿರುವುದು ಸೋಜಿಗವೇ ಸರಿ.

ಇನ್ನು ಪ್ರಸಿದ್ಧವಾದ ಮನಃಪರಿವರ್ತನೆಯ ಪ್ರಸಂಗ. ಯುದ್ಧದ ನಡುವೆ ರಾವಣನು ಶಾಂತಿಜಿನಾಲಯದಲ್ಲಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಶತ್ರುಪಕ್ಷದವರು ಬಂದು ಕಾಡಿದರೂ ಅವನ ಏಕಾಗ್ರತೆ ಕದಲುವುದಿಲ್ಲ. ಎಂಥ ಧ್ಯಾನ, ಎಂಥ ಗುರಿಗೆ! ವಿದ್ಯೆ ಕೈಸೇರಿದ ಹೆಮ್ಮೆಯಲ್ಲಿ ಅವನು ಸೀತೆಯ ಮುಂದೆ ನಿಂತಾಗ ಆಕೆ ಬೆದರುವುದು ತನ್ನ ಪ್ರಾಣಕ್ಕಲ್ಲ, ರಾಮಲಕ್ಷ್ಮಣರ ಪ್ರಾಣಕ್ಕೆ. ಅವರಿಗಾಗಿ ಬೇಡಿಕೊಳ್ಳುತ್ತ ಮೂರ್ಛೆಹೋಗುತ್ತಾಳೆ. ಆ ಕ್ಷಣದಲ್ಲಿ ರಾವಣನ ಮೋಹ ಕಳಚಿಬೀಳುತ್ತದೆ. ಇಂಥ ದಂಪತಿಗಳನ್ನು ಅಗಲಿಸಿದೆನೆಂದು, ವಿಭೀಷಣನ ಮಾತನ್ನು ಕೇಳದೆ ಹೋದೆನೆಂದು ಅವನು ಮರುಗುತ್ತಾನೆ. ಈ ಪ್ರಸಂಗದ ಬೀಜ ರವಿಷೇಣನಲ್ಲಿಯೇ ಇದೆ. ಅದನ್ನು ನಾಗಚಂದ್ರನ ಸ್ವತಂತ್ರ ಸೃಷ್ಟಿಯೆಂದು ಹೊಗಳುವುದು ಮೂಲಗಳನ್ನು ನೋಡದವರ ಮಾತು. ಆ ಬೀಜಕ್ಕೆ ನೀರೆರೆದು ಬೆಳೆಸಿ, ಮನಸ್ಸಿನ ಒಳತೋಟಿಯನ್ನು ಕಾವ್ಯದ ಕೇಂದ್ರಕ್ಕೆ ತಂದದ್ದು ಮಾತ್ರ ಕನ್ನಡ ಕವಿಯ ಸಿದ್ಧಿ.

ಆದರೆ ಮರುಗಿದವನು ಮುಂದೆ ಏನು ಮಾಡುತ್ತಾನೆ? ಸೀತೆಯನ್ನು ಒಡನೆ ಕಳುಹಿಸಿಕೊಡುವುದಿಲ್ಲ. ಈಗ ಒಪ್ಪಿಸಿದರೆ ಲೋಕ ತನ್ನನ್ನು ಹೇಡಿಯೆಂದೀತು; ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ತಂದು, ಆ ಮೇಲೆ ಗೌರವದಿಂದ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಈ ವಿಚಾರದ ತಿರುಳೆಲ್ಲ ಇಲ್ಲಿಯೇ ಇದೆ. ರಾವಣನು ಬಿಟ್ಟದ್ದು ರಾಗವನ್ನು, ಮಾನಕಷಾಯವನ್ನಲ್ಲ. ಅವನ ಕರುಣೆ ನಿಜವಾದುದೇ. ಆದರೆ ಆ ಕರುಣೆಯಿಂದ ಸೀತೆಗೆ ಆ ದಿನ ದೊರೆತದ್ದು ಏನೂ ಇಲ್ಲ; ಆಕೆಯ ಸೆರೆ ಮುಂದುವರಿಯಿತು, ಆಕೆ ಯಾರಿಗಾಗಿ ಮೂರ್ಛೆಹೋದಳೋ ಅವರ ಮೇಲೆಯೇ ಮರುದಿನ ಯುದ್ಧ ಹೊರಟಿತು. ನೊಂದವಳ ಬಿಡುಗಡೆಗಿಂತ ನೋಯಿಸಿದವನ ಮರ್ಯಾದೆ ಮುಂದಾದ ಪಶ್ಚಾತ್ತಾಪವನ್ನು ಪೂರ್ಣವೆಂದು ಎಣಿಸಲಾಗದು. ಹಾಗಾಗಿ ರಾವಣನು ದಂಡನೆಗೆ ಒಳಗಾದದ್ದು ಪಶ್ಚಾತ್ತಾಪಪಟ್ಟ ಮೇಲೂ ಅಲ್ಲ, ಪಶ್ಚಾತ್ತಾಪಪಡದೆಯೂ ಅಲ್ಲ. ಪಶ್ಚಾತ್ತಾಪವನ್ನು ಮುಂದಕ್ಕೆ ಹಾಕಿದುದರಿಂದ. ರವಿಷೇಣನ ಪುರಾಣದಲ್ಲಂತೂ ರಾವಣನ ಚಕ್ರವೇ ಲಕ್ಷ್ಮಣನ ಕೈಗೆ ಬಂದು ನಿಂತ ಮೇಲೆಯೂ ಒಂದು ಅವಕಾಶ ಒದಗುತ್ತದೆ. ಈಗಲಾದರೂ ಸೀತೆಯನ್ನು ಒಪ್ಪಿಸಿ ನಿನ್ನ ರಾಜ್ಯವನ್ನು ಆಳಿಕೊಂಡಿರು ಎಂಬ ಮಾತು ಎದುರುಪಕ್ಷದಿಂದಲೇ ಬರುತ್ತದೆ. ಅವನು ಅದನ್ನು ಹೀನಾಯವಾಗಿ ತಳ್ಳಿಹಾಕುತ್ತಾನೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ರಾವಣನು ಪ್ರತಿವಾಸುದೇವ, ಪ್ರತಿವಾಸುದೇವನು ವಾಸುದೇವನಿಂದ ಹತನಾಗಿ ನರಕಕ್ಕೆ ಹೋಗುವುದು ಶಲಾಕಾಪುರುಷರ ಕಥೆಯ ನಿಯಮ. ಹೀಗಿರುವಾಗ ಅವನ ಆಯ್ಕೆಗೆ ಬೆಲೆಯೇನು? ಆಕ್ಷೇಪ ಹಗುರವಾದುದಲ್ಲ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ಕೊಂದ ವಾಸುದೇವನೂ ನರಕಕ್ಕೇ ಹೋಗುತ್ತಾನೆ. ಈ ಪರಂಪರೆಯಲ್ಲಿ ರಾವಣನನ್ನು ಕೊಂದವನು ಲಕ್ಷ್ಮಣನೇ ಹೊರತು ರಾಮನಲ್ಲ. ಕೊಂದವನೂ ಸತ್ತವನೂ ಮೂರನೆಯ ನರಕದಲ್ಲಿ ಎದುರುಬದುರಾಗುತ್ತಾರೆ. ನಾಯಕಪಕ್ಷಕ್ಕೆ ಬಹುಮಾನ, ಖಳಪಕ್ಷಕ್ಕೆ ಶಿಕ್ಷೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಂಭಕರ್ಣ, ಇಂದ್ರಜಿತು ಮೊದಲಾದವರು ರಾವಣನ ಪಕ್ಷದಲ್ಲಿಯೇ ಕಾದಿದವರು. ಸೆರೆಯಿಂದ ಬಿಡುಗಡೆಯಾದ ಮೇಲೆ ರಾಜ್ಯವನ್ನು ಬಯಸದೆ ದೀಕ್ಷೆ ಹಿಡಿದರು. ಇವರಿಬ್ಬರ ನಿರ್ವಾಣಸ್ಥಾನವೆಂದು ಬಡವಾನಿಯ ಬಳಿಯ ಚೂಲಗಿರಿಯನ್ನು ಇಂದಿಗೂ ವಂದಿಸಲಾಗುತ್ತಿದೆ. ಪಕ್ಷ ಯಾವುದೆಂಬುದಲ್ಲ, ಕಷಾಯವನ್ನು ಯಾವಾಗ ಬಿಟ್ಟನೆಂಬುದೇ ಗತಿಯನ್ನು ನಿರ್ಣಯಿಸುತ್ತದೆ.

ಈ ‘ಯಾವಾಗ’ ಎಂಬುದರ ದಾರುಣತೆಯನ್ನು ರವಿಷೇಣನು ಬಲ್ಲ. ರಾವಣನು ಮಡಿದ ದಿನವೇ ಕೇವಲಿಯೊಬ್ಬರು ಲಂಕೆಯ ಬಳಿಗೆ ಬಿಜಯಂಗೈಯುತ್ತಾರೆ. ಕೇವಲಿಗಳ ಸನ್ನಿಧಿಯಲ್ಲಿ ಹಗೆತನ ಉಳಿಯುವಂತಿಲ್ಲ; ರಾವಣನು ಬದುಕಿರುವಾಗಲೇ ಆ ಮುನಿ ಬಂದಿದ್ದರೆ ಅವನಿಗೂ ಲಕ್ಷ್ಮಣನಿಗೂ ಮೈತ್ರಿಯೇ ಆಗಿಬಿಡುತ್ತಿತ್ತೆಂಬ ಅರ್ಥದ ಮಾತನ್ನು ಪುರಾಣಕಾರನು ಅಲ್ಲಿ ಆಡುತ್ತಾನೆ. ದುರಂತವೆಂಬ ಪದವನ್ನು ಬಳಸುವುದಾದರೆ ಅದಕ್ಕೆ ನಿಜವಾದ ಆಸ್ಪದ ಇಲ್ಲಿದೆ. ಮುಂದೂಡಿದ ಪಶ್ಚಾತ್ತಾಪಕ್ಕೂ ತಡವಾಗಿ ಬಂದ ಅನುಗ್ರಹಕ್ಕೂ ನಡುವೆ ಇದ್ದದ್ದು ಕೆಲವೇ ಗಳಿಗೆ.

ಇಷ್ಟಕ್ಕೇ ಮುಗಿದಿದ್ದರೆ ದಂಡನೆಯ ಪಕ್ಷ ಗೆದ್ದಂತಾಗುತ್ತಿತ್ತು. ಆದರೆ ‘ಪದ್ಮಪುರಾಣ’ದ ೧೨೩ ಪರ್ವಗಳಲ್ಲಿ ಕೊನೆಯದನ್ನು ಓದದೆ ರಾವಣನ ವಿಷಯದಲ್ಲಿ ತೀರ್ಪು ಕೊಡಲಾಗದು. ದೀಕ್ಷೆ ಹಿಡಿದು ತಪಸ್ಸಿನಿಂದ ಅಚ್ಯುತಕಲ್ಪದಲ್ಲಿ ಪ್ರತೀಂದ್ರನಾಗಿ ಹುಟ್ಟಿದ ಸೀತೆಯ ಜೀವ ಲಕ್ಷ್ಮಣನನ್ನು ನೆನೆದು ನರಕಕ್ಕೆ ಇಳಿಯುತ್ತದೆ. ಅಲ್ಲಿ ಹಳೆಯ ಹಗೆಯಿಂದ ಇನ್ನೂ ಕಾದಾಡುತ್ತಿರುವವರನ್ನು ತಡೆದು, ರಾವಣನಿಗೂ ಧರ್ಮವನ್ನು ಬೋಧಿಸುತ್ತದೆ. ಅವರನ್ನು ಎತ್ತಿಕೊಂಡು ಹೋಗಲು ನೋಡಿದರೆ ಅವರ ಮೈಗಳು ಬೆಣ್ಣೆಯಂತೆ ಕರಗಿಹೋಗುತ್ತವೆ. ಕಟ್ಟಿಕೊಂಡ ಕರ್ಮವನ್ನು ಉಂಡೇ ತೀರಬೇಕು. ದೇವತೆಯ ಕರುಣೆಯೂ ಅದರ ಒಂದು ದಿನವನ್ನು ಕಡಿಮೆಮಾಡಲಾರದು. ಆದರೆ ಸಮ್ಯಕ್ತ್ವವನ್ನು ಕೊಡಬಹುದು. ಸೀತೆಯ ಜೀವ ಕೊಟ್ಟದ್ದು ಅದನ್ನೇ. ದಂಡನೆಯೋ ಉದ್ಧಾರವೋ ಎಂಬ ವಿಕಲ್ಪವೇ ಇಲ್ಲಿ ಕರಗಿಹೋಗುತ್ತದೆ. ದಂಡನೆ ಪೂರ್ತಿಯಾಗಿ ಉಳಿಯುತ್ತದೆ. ಅದರೊಳಗೇ ಉದ್ಧಾರದ ಬಾಗಿಲು ತೆರೆಯುತ್ತದೆ. ತೆರೆಯುವ ಕೈ ಅನ್ಯಾಯಕ್ಕೆ ಒಳಗಾದವಳದು. ಕ್ಷಮಿಸುವ ಅಧಿಕಾರ ವಿಮರ್ಶಕನದಲ್ಲ, ಓದುಗನದೂ ಅಲ್ಲ ಎಂಬ ಸೂಚನೆಯೂ ಇದರಲ್ಲಿ ಅಡಗಿರಬಹುದು.

ಸಂಕಲನಗಳಲ್ಲಿ ಮನಃಪರಿವರ್ತನೆಯ ಭಾಗವನ್ನಷ್ಟೇ ಆರಿಸಿಕೊಡುವ ಪದ್ಧತಿಯಿಂದ ನಾಗಚಂದ್ರನ ರಾವಣನು ಮರುಕಕ್ಕೆ ಮಾತ್ರ ಪಾತ್ರನಾಗಿ ಉಳಿದಿದ್ದಾನೆ. ಆ ಭಾಗವನ್ನು ರವಿಷೇಣನ ಕೊನೆಯ ಪರ್ವದೊಡನೆ ಇಟ್ಟು ಓದಿದಾಗ ಕಾಣುವ ಚಿತ್ರ ಬೇರೆ. ಅಲ್ಲಿ ರಾವಣ ಲಕ್ಷ್ಮಣರು ಮುಂದೊಂದು ಭವದಲ್ಲಿ ಒಂದೇ ತಾಯಿಯ ಮಕ್ಕಳಾಗಿ ಹುಟ್ಟುತ್ತಾರೆ. ಅನಂತರದ ಭವಗಳಲ್ಲಿ ರಾವಣನ ಜೀವ ತೀರ್ಥಂಕರನಾಗುತ್ತದೆ. ಆಗ ಅವನ ದಿವ್ಯಧ್ವನಿಯನ್ನು ಕೇಳಿ ಲೋಕಕ್ಕೆ ತಿಳಿಸುವ ಗಣಧರನಾಗುವುದು ಸೀತೆಯ ಜೀವ.