ಕೈತಪ್ಪು, ಕಣ್ತಪ್ಪು

ಕಳೆದ ವಾರ ಹಲಸೂರು ಕೆರೆಯ ಬದಿಯಲ್ಲಿ ನನ್ನ ಹಳೆಯ ಸ್ಕೂಟರ್ ನಿಂತುಹೋಯಿತು. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಶಿವಾಜಿನಗರದವರೆಗೆ ತಳ್ಳಿಕೊಂಡೇ ಹೋದೆ. ಮೆಕ್ಯಾನಿಕ್ ಎಲ್ಲ ಬಿಚ್ಚಿ, ಒಳಗಿನ ಸೂಜಿ ವಾಲ್ವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿದ. ‘ಕಚ್ರಾ, ಸಾರ್’ ಎಂದ. ಮೊನೆಗೆ ಸಾಸಿವೆಗಿಂತ ಸಣ್ಣ ಕಸ ಅಂಟಿತ್ತು. ಅದರಿಂದ ಸೂಜಿ ಪೂರ್ತಿ ಕೂರುತ್ತಿರಲಿಲ್ಲ, ಪೆಟ್ರೋಲ್ ನಿಲ್ಲುತ್ತಿರಲಿಲ್ಲ. ಅವನು ಊದಿದ, ಬಟ್ಟೆಯಲ್ಲಿ ಒರೆಸಿದ. ಮತ್ತೆ ಜೋಡಿಸುವ ಮೊದಲು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ. ಆ ಎರಡನೆಯ ನೋಟಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

1979ರ ಆಗಸ್ಟ್ 10ರಂದು ಭಾರತದ ಎಸ್‌ಎಲ್‌ವಿ–3 ರಾಕೆಟ್ಟಿನ ಮೊದಲ ಹಾರಾಟಕ್ಕೆ ಒದಗಿದ್ದೂ ಹೆಚ್ಚುಕಡಿಮೆ ಇದೇ ಗತಿ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ವಾಲ್ವೊಂದು ದೂಳು ಸೇರಿ ಸರಿಯಾಗಿ ಮುಚ್ಚಲಿಲ್ಲ. ನೈಟ್ರಿಕ್ ಆಮ್ಲ ಸೋರಿಹೋಯಿತು. ದಿಕ್ಕು ತಿದ್ದುವ ಶಕ್ತಿ ಕಳೆದುಕೊಂಡ ರಾಕೆಟ್ 317 ಸೆಕೆಂಡುಗಳಲ್ಲಿ ಬಂಗಾಳ ಕೊಲ್ಲಿ ಸೇರಿತು. ಮರುವರ್ಷ ಜುಲೈ 18ರಂದು ಅದೇ ಮಾದರಿಯ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಏರಿಸಿತು.

ಉಡಾವಣೆಯ ಹೊಗೆ, ಬೆಂಕಿ, ಚಪ್ಪಾಳೆ ನನಗೂ ಇಷ್ಟವೇ. ಆದರೆ ನಾನು ಕೂಡಿಟ್ಟುಕೊಂಡು ಮತ್ತೆ ಮತ್ತೆ ಓದುವುದು ವೈಫಲ್ಯ ವಿಶ್ಲೇಷಣಾ ಸಮಿತಿಗಳ ಮಾತುಗಳನ್ನು. ಅವುಗಳಲ್ಲಿ ನನ್ನನ್ನು ಬಿಡದೆ ಕಾಡುವುದು 2006ರದು.

ಆ ವರ್ಷದ ಜುಲೈ 10ರ ಸಂಜೆ 5.38ಕ್ಕೆ ಜಿಎಸ್‌ಎಲ್‌ವಿ–ಎಫ್02 ಶ್ರೀಹರಿಕೋಟದಿಂದ ಮೇಲೆದ್ದಿತು. ತಲೆಯ ಮೇಲೆ 2,168 ಕಿಲೋ ತೂಕದ ಇನ್ಸಾಟ್–4ಸಿ. ನಮ್ಮ ಹಳೆ ವಿಮಾನ ನಿಲ್ದಾಣ ರಸ್ತೆಯ ಉಪಗ್ರಹ ಕೇಂದ್ರದ ಕೂಸು. ನೆಲ ಬಿಟ್ಟು 0.2 ಸೆಕೆಂಡು ಆಗಿತ್ತಷ್ಟೆ, ಪಕ್ಕಕ್ಕೆ ಕಟ್ಟಿದ ನಾಲ್ಕು ದ್ರವ ಬೂಸ್ಟರ್‌ಗಳಲ್ಲಿ ಒಂದು ನೂಕುಬಲ ಕಳೆದುಕೊಂಡಿತು. ಮೂರರ ಮೇಲೆಯೇ ಆ ವಾಹನ ಸುಮಾರು 50 ಸೆಕೆಂಡು ತನ್ನನ್ನು ತಾನು ನೆಟ್ಟಗೆ ಹಿಡಿದುಕೊಂಡಿತು. ಶಬ್ದದ ವೇಗವನ್ನು ದಾಟುವ ಹೊತ್ತಿಗೆ ಗಾಳಿಯ ಹೊಡೆತ ತಾಳಲಾರದೆ ಮುರಿಯಿತು.

ಸಮಿತಿ ಬೆರಳಿಟ್ಟು ತೋರಿಸಿದ್ದು ಎಂಜಿನ್ನಿನೊಳಗಿನ ಒಂದು ರೆಗ್ಯುಲೇಟರನ್ನು. ಅನಿಲ ಉತ್ಪಾದಕಕ್ಕೆ ಹೋಗುವ ನೋದಕವನ್ನು ಅಳೆದು ಬಿಡುವುದು ಅದರ ಕೆಲಸ. ಮುಚ್ಚಿದ ಸ್ಥಿತಿಯಲ್ಲೂ ಅದು ಬಿಡಬೇಕಾದ್ದಕ್ಕಿಂತ ಬಹಳ ಹೆಚ್ಚು ಬಿಡುತ್ತಿತ್ತು. ಒತ್ತಡ ಮಿತಿ ಮೀರಿ ಎಂಜಿನ್ ಸೋತಿತು. ತಯಾರಿಕೆಯಲ್ಲಿ ಅರಿಯದೆ ನುಸುಳಿದ ಒಂದು ತಪ್ಪು ಆಮೇಲಿನ ತಪಾಸಣೆಯಲ್ಲೂ ಸ್ವೀಕಾರ ಪರೀಕ್ಷೆಯಲ್ಲೂ ಸಿಗದೆ ಹೋಗಿರಬೇಕು ಎಂದು ಸಮಿತಿ ಹೇಳಿತು. ವಾಹನದ ವಿನ್ಯಾಸ ಗಟ್ಟಿಯಾಗಿದೆ ಎಂದೂ ಹೇಳಿತು.

ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ: ಕೈತಪ್ಪು, ಕಣ್ತಪ್ಪು. ಎರಡನ್ನೂ ನಾವು ಕ್ಷಮೆ ಕೇಳುವಾಗ ಬಳಸುತ್ತೇವೆ, ಹಾಗಾಗಿ ಅವು ಒಂದೇ ಎನ್ನಿಸುತ್ತವೆ. ರಾಕೆಟ್ ಬೀಳಬೇಕಾದರೆ ಎರಡೂ ಕೂಡಬೇಕು. ಕೈ ತಪ್ಪುವುದು ಸಹಜ. ಲೋಹ ಕಡೆಯುವ ಯಾವ ಕೈಯೂ ಸಾವಿರಕ್ಕೆ ಸಾವಿರ ಸರಿ ಮಾಡದು. ಅದಕ್ಕೆಂದೇ ಕಣ್ಣನ್ನು ಕಾವಲಿಗೆ ಇಟ್ಟಿದ್ದೇವೆ. ಕಾವಲು ಕಣ್ಣು ‘ಇಷ್ಟು ದಿನ ಸರಿಯೇ ಬಂದಿದೆಯಲ್ಲ’ ಎಂದು ಒಪ್ಪಿಕೊಂಡ ಗಳಿಗೆಯಲ್ಲಿ ಸಣ್ಣ ತಪ್ಪು ದೊಡ್ಡದಾಗುತ್ತದೆ.

ಬೆಂಗಳೂರಿನ ಪೂರ್ವ ಭಾಗಕ್ಕೆ ಈ ಮಾತು ಹೊಸದಲ್ಲ. ಇಂದಿರಾನಗರದ 80 ಅಡಿ ರಸ್ತೆಯಲ್ಲಿ ಕಾಫಿ ಕುಡಿಯಲು ಹೋಗುವವರು ಇಸ್ರೊದ ದ್ರವ ನೋದನ ವ್ಯವಸ್ಥೆಗಳ ಕೇಂದ್ರದ ಗೋಡೆ ದಾಟಿಯೇ ಹೋಗುತ್ತಾರೆ. ಉಪಗ್ರಹಗಳ ನೋದನ ವ್ಯವಸ್ಥೆ, ಒತ್ತಡ ಅಳೆಯುವ ಸಂವೇದಕಗಳು ಅಲ್ಲಿನ ಕಸುಬು. ಸ್ವಲ್ಪ ಆಚೆಗೆ, ತಿಪ್ಪಸಂದ್ರದ ಕಡೆ, ರಾಕೆಟ್‌ಗಳ ತೊಟ್ಟಿ, ಕವಚ ಕಟ್ಟುವ ಎಚ್‌ಎಎಲ್‌ನ ಏರೋಸ್ಪೇಸ್ ವಿಭಾಗ. ಕೆ.ಆರ್. ಪುರದ ದಾರಿಯಲ್ಲಿ ದೂರವಾಣಿನಗರದ ಐಟಿಐ. ಈ ಕಾರ್ಖಾನೆಗಳಿಂದ ನಿವೃತ್ತರಾದವರು ನಮ್ಮ ಬೀದಿಗಳಲ್ಲಿದ್ದಾರೆ. ‘ನಾನು ಇನ್‌ಸ್ಪೆಕ್ಷನ್‌ನಲ್ಲಿದ್ದೆ’ ಎನ್ನುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಗೋ–ನೋಗೋ ಗೇಜ್ ಹಿಡಿದು, ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಲೇಬಾರದು ಎಂದು ಬದುಕಿಡೀ ನೋಡಿದವರು ಅವರು. ಮಾಡಿದವನೇ ತನ್ನ ಕೆಲಸ ಪಾಸ್ ಮಾಡಕೂಡದು ಎಂಬ ಶಿಸ್ತು ಅವರದು.

ಆದರೆ ಕಣ್ಣಿಗೂ ನಿಲುಕದ ಜಾಗ ಒಂದಿದೆ. 2021ರ ಆಗಸ್ಟ್ 12ರ ನಸುಕಿನಲ್ಲಿ ಜಿಎಸ್‌ಎಲ್‌ವಿ–ಎಫ್10ರ ಕ್ರಯೋಜೆನಿಕ್ ಹಂತ ಕೆಲಸ ಮಾಡದೆ, 307ನೆಯ ಸೆಕೆಂಡಿಗೆ ಹಾರಾಟ ಕೈಬಿಡಬೇಕಾಯಿತು. ದ್ರವ ಜಲಜನಕದ ತೊಟ್ಟಿಯಲ್ಲಿ ಒತ್ತಡ ಇಳಿದಿತ್ತು. ತೊಟ್ಟಿಯೊಳಗಿನ ಪಂಪು ಎಂಜಿನ್ನಿಗೆ ಸಾಕಷ್ಟು ಇಂಧನ ತಳ್ಳಲಿಲ್ಲ. ಹೆಚ್ಚುವರಿ ಒತ್ತಡವನ್ನು ಹೊರಬಿಡುವ ವಾಲ್ವಿನ ಮೃದು ಸೀಲ್ ಹಾಳಾಗಿಯೋ, ಕಸ ಸೇರಿಯೋ, ಅತಿಶೀತದಲ್ಲಿ ಜೋಡಣೆ ಬಿಗಿದುಕೊಂಡೋ ಸೋರಿರಬಹುದು ಎಂದಿತು ಸಮಿತಿ. ದ್ರವ ಜಲಜನಕದ ತಾಪ ಮೈನಸ್ 253 ಡಿಗ್ರಿ. ಮೇಜಿನ ಮೇಲೆ ಚೆನ್ನಾಗಿ ಕೂರುವ ಸೀಲ್ ಅಲ್ಲಿ ಬೇರೆಯದೇ ವಸ್ತು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಜಪಾನಿನ ಅಕಾತ್ಸುಕಿ ನೌಕೆ 2010ರಲ್ಲಿ ಶುಕ್ರನ ಬಾಗಿಲಿಗೆ ಹೋಗಿ ಒಳಗೆ ಕಾಲಿಡಲಾಗಲಿಲ್ಲ; ಇಂಧನದ ಹಾದಿಯ ವಾಲ್ವೊಂದರಲ್ಲಿ ಉಪ್ಪು ಕಟ್ಟಿತ್ತು. ಸಣ್ಣ ತ್ರಸ್ಟರ್‌ಗಳ ಬಲದಿಂದ ಅದು ಕಕ್ಷೆ ಸೇರುವಾಗ ಐದು ವರ್ಷ ಕಳೆದಿತ್ತು. 2021ರಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ಫ್ಲಾರಿಡಾದ ತೇವಕ್ಕೆ 13 ವಾಲ್ವ್ ಕಚ್ಚಿಕೊಂಡು ನೆಲದಲ್ಲೇ ಉಳಿಯಿತು.

ಕಣ್ಣು ನಿಲುಕದಲ್ಲಿ ಮುಂದಾಲೋಚನೆ ಬೇಕು. ಮಂಗಳಯಾನದ ಎಂಜಿನ್ ಭೂಮಿಯಿಂದ ಹೊರಟ ಮೇಲೆ ಸುಮಾರು 300 ದಿನ ಸುಮ್ಮನಿದ್ದು, ಮಂಗಳನ ಹತ್ತಿರ ಮತ್ತೆ ಹೊತ್ತಬೇಕಿತ್ತು. ಅಷ್ಟು ಕಾಲದಲ್ಲಿ ಹಳೆಯ ವಾಲ್ವ್ ಸೋರಬಹುದು, ಕೆಡಬಹುದು ಎಂದು ಎಂಜಿನಿಯರುಗಳು ಮೊದಲೇ ಊಹಿಸಿದರು. ಮೊದಲ ಹಾದಿಯನ್ನು ಮುಚ್ಚಿ, ಮಂಗಳನಲ್ಲಿ ತೆರೆಯಲೆಂದೇ ಮತ್ತೊಂದು ಸಮಾನಾಂತರ ಹಾದಿ ಇಟ್ಟರು. 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಿದರು. 24ರ ಬೆಳಿಗ್ಗೆ ನೌಕೆ ಮಂಗಳನ ಕಕ್ಷೆಯಲ್ಲಿತ್ತು. ಆ ದಿನ ಸಂಭ್ರಮಿಸಿದ ನಮ್ಮಲ್ಲಿ ಆ ಎರಡನೆಯ ಹಾದಿಯನ್ನು ನೆನೆದವರು ಕಡಿಮೆ.

ಅದನ್ನು ನೆನೆದಾಗಲೇ 2025ರ ಜನವರಿ 29ರ ಉಡಾವಣೆ ಹೆಚ್ಚು ನೋಯಿಸುತ್ತದೆ. ಶ್ರೀಹರಿಕೋಟದ ನೂರನೆಯ ಉಡಾವಣೆ ಅದು. ರಾಕೆಟ್ ಚೊಕ್ಕವಾಗಿ ಹಾರಿತು, ಎನ್‌ವಿಎಸ್–02 ಉಪಗ್ರಹದ ಸೌರಫಲಕಗಳು ಬಿಚ್ಚಿಕೊಂಡವು. ಆದರೆ ಕಕ್ಷೆ ಏರಿಸುವ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ವಾಲ್ವ್‌ಗಳು ತೆರೆಯಲಿಲ್ಲ. 2,250 ಕಿಲೋ ತೂಕದ ಉಪಗ್ರಹ ತನ್ನ ಜಾಗ ತಲುಪದೆ ದೀರ್ಘವೃತ್ತದಲ್ಲೇ ಉಳಿಯಿತು.

ಆದ್ದರಿಂದ ನನ್ನದೊಂದು ಕೋರಿಕೆ: ಪ್ರತಿ ವೈಫಲ್ಯದ ವರದಿಯೂ ಬೇಗ, ವಿವರವಾಗಿ, ಕನ್ನಡದಲ್ಲೂ ಸಿಗಬೇಕು. ಯಾರನ್ನೋ ದೂರಲು ಬೇಡ. ನಾಳೆ ಪಾಲಿಟೆಕ್ನಿಕ್ ಮುಗಿಸಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಸೀಲ್ ಕೂರಿಸುವ ಹುಡುಗಿಗೆ ತನ್ನ ಬೆರಳ ತುದಿಯಲ್ಲಿ ಏನು ನಿಂತಿದೆ ಎಂದು ತಿಳಿಯಲು ಬೇಕು.

ಕಲಿತ ಕಣ್ಣು ಹೇಗಿರುತ್ತದೆ ಎಂಬುದಕ್ಕೆ 2007ರ ಸೆಪ್ಟೆಂಬರ್ 2 ಸಾಕ್ಷಿ. ಕಳೆದುಹೋದ ಇನ್ಸಾಟ್–4ಸಿ ಜಾಗಕ್ಕೆ ಇನ್ಸಾಟ್–4ಸಿಆರ್ ಹೊತ್ತು ಜಿಎಸ್‌ಎಲ್‌ವಿ–ಎಫ್04 ನಿಂತಿತ್ತು. ಹೊರಡಲು 15 ಸೆಕೆಂಡು ಇರುವಾಗ ಗಣನೆ ನಿಂತಿತು: ಕ್ರಯೋಜೆನಿಕ್ ಹಂತದ ಒಂದು ವಾಲ್ವ್ ಮುಚ್ಚಿದೆ ಎಂಬ ಖಾತ್ರಿ ಬಂದಿರಲಿಲ್ಲ. ಮುಚ್ಚಿರಬಹುದು ಎಂದು ಯಾರೂ ಮುಂದುವರಿಯಲಿಲ್ಲ. ಪರಿಶೀಲಿಸಿದರು. ಸುಮಾರು ಎರಡು ಗಂಟೆಯ ನಂತರ, ಸಂಜೆ, ನಾಲ್ಕೂ ಬೂಸ್ಟರ್‌ಗಳ ಮೇಲೆ ರಾಕೆಟ್ ಏರಿತು.